ಅತ್ತಿಗೆ ಕೊಡುವ ಹಳೇ ಮಂಚ
ಮಗುವಿಗೆ ಅಂತ ಅತ್ತಿಗೆ ಕೊಡುತ್ತಿರುವ ಹಳೇ ಬೀರು, ಮಂಚ ಬೇಡ ಅಂದರೆ ಬೇಜಾರಾಗುತ್ತಾರೇನೋ ಅಂತ ಕೇಳಿದ್ದೀರಿ. ಬೀರು ತಗೊಳ್ಳಿ, ಗೋಡೆಗೆ ಬಿಗಿದರಾಯಿತು. ಕಂಬಿ ಇರುವ ಮಂಚವನ್ನು ಮಾತ್ರ ಸುಮ್ನೆ ಒಪ್ಪಿಕೊಳ್ಳಬೇಡಿ, ಟೇಪು ಹಿಡಿದು ಹೋಗಿ. ಕಂಬಿಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಹಾಕಿಕೊಳ್ಳಬಹುದು. ಒಂದು ಪಕ್ಕ ಕೆಳಗೆ ಜಾರುವ ಮಂಚವಾದರೆ ಅಲ್ಲೇ ಬಿಡಿ. ಅಮೆರಿಕದಲ್ಲಿ 2011ರಿಂದ ಅದರ ಮಾರಾಟವೇ ನಿಷೇಧ. ನನಗೆ ಬಂದ ಮಂಚ ನೋಡೋಕೆ ಚೆನ್ನಾಗಿಯೇ ಇತ್ತು. ಅಲ್ಲಾಡಿಸಿದರೆ ಕಿರ್ ಅನ್ನುತ್ತಿತ್ತು. ಬಗ್ಗಿ ನೋಡಿದೆ, ಸ್ಕ್ರೂ ಇರಬೇಕಾದ ಕಡೆ ದಾರ ಸುತ್ತಿದ್ದರು! ಹಾಸಿಗೆ ಹೇಗೂ ಹೊಸದೇ ತಗೊಳ್ಳಿ. ಗಟ್ಟಿಯಾಗಿರಲಿ, ಅಂಚಿನಲ್ಲಿ ಎರಡು ಬೆರಳಿಗಿಂತ ಜಾಸ್ತಿ ಜಾಗ ಬೇಡ. ಮಂಚ ಸರಿಯಿಲ್ಲದಿದ್ದರೆ ಅತ್ತಿಗೆಗೆ "ಅಳತೆ ಹೊಂದಲಿಲ್ಲ" ಅನ್ನಿ. ಸುಳ್ಳೇನಲ್ಲ, ಅಲ್ವಾ?