ಸರ್ಜನ್ ಆಗ್ಲಾಕ ತಲಿ ಬೇಕಾ, ದುಡಿಮಿ ಬೇಕಾ?

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಪ್ರಶ್ನೆ: ಸಾಹೇಬ್ರ, ನಮಸ್ಕಾರ. ನಾ ಪಿಯುಸಿ ಎರಡನೇ ವರ್ಷ ಸೈನ್ಸ್ ಓದ್ಲಾಕತ್ತೀನಿ. ಹತ್ತನೇ ತನಕ ನಮ್ಮೂರ ಸರ್ಕಾರಿ ಸಾಲ್ಯಾಗ ಕನ್ನಡ ಮೀಡಿಯಂ. ಅಪ್ಪಂದು ಸ್ವಲ್ಪ ಹೊಲ ಅದ, ತೊಗರಿ ಬಿತ್ತತಾನ. ನನಗ ಸರ್ಜನ್ ಆಗ್ಬೇಕಂತ ಆಸೆ. ನಮ್ಮ ಕಾಕಾ ಅಂತಾನ ಅದಕ್ಕ ಹುಟ್ಟಿನಿಂದ ತಲಿ ಇರ್ಬೇಕು, ನಿನ್ನಂಥೋರ್ದಲ್ಲ ಅಂತ. ಕೋಚಿಂಗ್ ಸರ್ ಅಂತಾರ ದಿನಾ ಹದಿನಾಲ್ಕು ತಾಸು ಕುಂತು ಓದಿದ್ರ ಯಾರ್ ಬೇಕಾದ್ರೂ ಆಗ್ತಾರ ಅಂತ. ಯಾರ ಮಾತು ಖರೆ? ಇನ್ನೊಂದು, ಯಾರಾದ್ರೂ ನೋಡ್ಲಾಕತ್ರ ನನ್ನ ಕೈ ನಡಗ್ತಾವ, ಲ್ಯಾಬ್‌ನಾಗ ಪಿಪೆಟ್ ಹಿಡದಾಗ ಭಾಳ. ಹಿಂಗಿದ್ರ ನಡೀತದಾ? ಹೆಸರು ಹಾಕಬ್ಯಾಡ್ರಿ.
ಒಬ್ಬ ವಿದ್ಯಾರ್ಥಿ, ಸೇಡಂ ತಾಲ್ಲೂಕು

ಉತ್ತರ: ತಮ್ಮಾ, ನಿಮ್ಮ ಕಾಕಾ ಮತ್ತ ನಿಮ್ಮ ಸರ್ ಇಬ್ರೂ ಮಾತಾಡ್ಲಾಕತ್ತಿದ್ದು ಮೆಡಿಕಲ್ ಸೀಟಿನ ಬಗ್ಗೆ, ಸರ್ಜನ್ ಬಗ್ಗೆ ಅಲ್ಲ. ಇವೆರಡೂ ಬ್ಯಾರೆ ಬ್ಯಾರೆ ಅವ, ನಮ್ಮ ಕಡಿ ಮನಿಗಳಾಗ ಎರಡೂ ಒಂದೇ ಅಂತ ತಿಳ್ಕೊಂಡು ಹುಡುಗ್ರ ಜೀವ ತಿಂತಾರ.

ಮೊದಲು ಸೀಟಿಂದು ಮುಗಿಸೋಣ. ನೀಟ್ ಅಂದ್ರ 180 ಪ್ರಶ್ನೆ, 180 ನಿಮಿಷ, 720 ಮಾರ್ಕ್ಸ್, ಸರಿ ಬರೆದ್ರ 4, ತಪ್ಪಿದ್ರ 1 ಕಟ್, ಅದ್ರಾಗ ಅರ್ಧ ಬಯಾಲಜಿ. ಎನ್‌ಸಿಇಆರ್‌ಟಿ ಪುಸ್ತಕ ಒಂದು ಸಾಲೂ ಬಿಡದಂಗ ಓದಿರಬೇಕು, ಫಿಸಿಕ್ಸ್ ಲೆಕ್ಕ ಮಾಡಿ ಮಾಡಿ ರೂಢಿ ಆಗಿರಬೇಕು, ಗಡಿಯಾರ ನೋಡಿ ಗಾಬ್ರಿ ಬೀಳಬಾರ್ದು. ತಲಿ ಒಂದೀಟು ಚುರುಕ ಇದ್ರ ಅನುಕೂಲ ಆಗ್ತದ, ಇಲ್ಲ ಅಂತ ನಾ ಸುಳ್ಳು ಹೇಳಂಗಿಲ್ಲ, ಆದ್ರ ಅದು ಕಾಕಾ ಅಂದಂಗ ಲಕ್ಷಕ್ಕ ಒಬ್ಬರಿಗೆ ಇರೋ ತಲಿ ಅಲ್ಲ. ಹದಿನಾಲ್ಕು ತಾಸು ಅನ್ನೋದು ಕೋಚಿಂಗ್ ಬ್ಯಾನರ್ ಮ್ಯಾಗಿನ ಮಾತು, ನಿದ್ದಿಗೆಟ್ಟು ಓದಿದ್ದು ತಲ್ಯಾಗ ನಿಲ್ಲೋದಿಲ್ಲ, ಏಳೆಂಟು ತಾಸು ಖರೇನ ಓದು, ಉಳಿದಿದ್ದು ಮಲಗು. ಇನ್ನೊಂದು ಕಹಿ ಮಾತು ಅದ: ಬರಿಯೋರು ಲಕ್ಷಗಟ್ಟಲೆ, ಸೀಟು ಅದರ ಮುಂದ ಏನೂ ಅಲ್ಲ, ಹಿಂಗಾಗಿ ಚಲೋ ಓದಿದ ಪೋರಗೋಳಿಗೂ ಒಮ್ಮೊಮ್ಮೆ ಸಿಗಂಗಿಲ್ಲ. ಅದು ಸೀಟಿನ ಕೊರತಿ, ಅವರ ತಲಿ ಕೊರತಿ ಅಲ್ಲ, ಸೋಮಾರಿತನ ಅಂತೂ ಅಲ್ಲವೇ ಅಲ್ಲ.

ನಮ್ಮ ಭಾಗದೋರಿಗೆ ಇದ್ರಾಗ ಸ್ವಲ್ಪ ಆಸರ ಅದ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನದಾಗ 371ಜೆ ಬಂತು, ನಮ್ಮ ಭಾಗದ ಕಾಲೇಜಿನ ಸರ್ಕಾರಿ ಕೋಟಾ ಸೀಟಿನಾಗ ನೂರಕ್ಕ 70, ಉಳಿದ ಕರ್ನಾಟಕದಾಗ ನೂರಕ್ಕ 8 ಕಲ್ಯಾಣ ಕರ್ನಾಟಕದ ಹುಡುಗ್ರಿಗೆ. ಮೊದಲೆಲ್ಲ ಕಲಬುರಗಿಯಾಗ ಮೆಡಿಕಲ್ ಕಾಲೇಜು ಅಂದ್ರ 1963ರ ಎಂ.ಆರ್. ಮೆಡಿಕಲ್ ಕಾಲೇಜು ಒಂದೇ, ಈಗ ಜಿಮ್ಸ್ ಅದ, ಇಎಸ್‌ಐಸಿ ಅದ, ಬೀದರ್‌ನಾಗ ಬ್ರಿಮ್ಸ್, ಯಾದಗಿರಿಯಾಗ ಯಿಮ್ಸ್. 371ಜೆ ಸರ್ಟಿಫಿಕೇಟ್ ಈಗಲೇ ಎಸಿ ಆಫೀಸಿನಾಗ ಅರ್ಜಿ ಹಾಕಿ ಮಾಡಿಸಿ ಇಟ್ಕೋ, ಕೌನ್ಸೆಲಿಂಗ್ ಹೊತ್ನ್ಯಾಗ ಅಪ್ಪನ್ನ ಬಸ್‌ಸ್ಟ್ಯಾಂಡಿನಿಂದ ಆಫೀಸಿಗೆ ಓಡಾಡಿಸಬ್ಯಾಡ.

ಈಗ ಖರೆ ಪ್ರಶ್ನೆಗೆ ಬರ್ತೀನಿ. ಸರ್ಜನ್ ಅಂದ್ರ ಎಲ್ಲರಿಗಿಂತ ಶಾಣ್ಯಾ ಅಂತ ಇದ್ದಿದ್ರ ಪೀಜಿ ನೀಟ್‌ನಾಗ ಮೊದಲ ರ‍್ಯಾಂಕ್ ತಗೊಂಡೋರೆಲ್ಲ ಸರ್ಜರಿಗೇ ಬರ್ಬೇಕಿತ್ತು ಹೌದಿಲ್ಲೋ. ಬರಂಗಿಲ್ಲ. ಅವರು ಹೆಚ್ಚಾಗಿ ರೇಡಿಯಾಲಜಿ, ಜನರಲ್ ಮೆಡಿಸಿನ್, ಚರ್ಮರೋಗ ಹಿಡಿತಾರ, ರಾತ್ರಿ ನಿದ್ದಿ ಯಾರಿಗೆ ಬ್ಯಾಡ. 2021ರಾಗ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಾಗ ಒಂದು ಮಜಾ ಅಧ್ಯಯನ ಬಂದಿತ್ತು. ಮಿದುಳಿನ ಸರ್ಜನ್‌ಗಳು 72 ಮಂದಿ, ರಾಕೆಟ್-ವಿಮಾನದ ಎಂಜಿನಿಯರ್‌ಗಳು 329 ಮಂದಿ, ಇವರಿಗೆಲ್ಲ ಬುದ್ಧಿ ಪರೀಕ್ಷೆ ಕೊಟ್ಟು 18 ಸಾವಿರಕ್ಕೂ ಹೆಚ್ಚು ಸಾಮಾನ್ಯ ಜನರ ಉತ್ತರದ ಜೋಡಿ ಇಟ್ಟು ನೋಡಿದ್ರು. ಮಿದುಳಿನ ಸರ್ಜನ್‌ಗಳು ಸಮಸ್ಯೆ ಬಿಡಿಸೋದ್ರಾಗ ಸ್ವಲ್ಪ ಫಾಸ್ಟ್, ನೆನಪು ಮಾಡ್ಕೊಳ್ಳೋದ್ರಾಗ ಸಾಮಾನ್ಯ ಜನರಿಗಿಂತ ನಿಧಾನ, ಉಳಿದಿದ್ದ್ರಾಗ ಹೇಳಿಕೊಳ್ಳೋವಂಥ ಫರಕ್ ಇಲ್ಲ. ಇದನ್ನ ನಿಮ್ಮ ಕಾಕಾಗ ಓದಿ ಹೇಳು.

ಹಂಗಾದ್ರ ಸರ್ಜನ್ ಹ್ಯಾಂಗ ತಯಾರಾಗ್ತಾನ? ಎಂಬಿಬಿಎಸ್ ನಾಲ್ಕೂವರಿ ವರ್ಷ, ಇಂಟರ್ನ್‌ಶಿಪ್ ಒಂದು, ಆಮ್ಯಾಗ ಎಂಎಸ್ ಜನರಲ್ ಸರ್ಜರಿ ಮೂರು. ಹಾರ್ಟ್, ಮಿದುಳು, ಪ್ಲಾಸ್ಟಿಕ್ ಸರ್ಜರಿ ಬೇಕಂದ್ರ ಎಂಸಿಎಚ್ ಇನ್ನೂ ಮೂರು. ಎಂಎಸ್‌ನ ಮೊದಲ ವರ್ಷ ನೀ ಸರ್ಜನ್ ಅಲ್ಲ, ರಿಟ್ರ್ಯಾಕ್ಟರ್ ಹಿಡಿಯೋ ಆಳು. ತಾಸುಗಟ್ಟಲೆ ಹೊಟ್ಟಿ ಅಗಲ ಮಾಡಿ ಹಿಡ್ಕೊಂಡು ನಿಂದ್ರೋದು, ಡ್ರೆಸ್ಸಿಂಗ್ ಬದಲಿ ಮಾಡೋದು, ಕೀವು ತೆಗಿಯೋದು, ರಾತ್ರಿ ಎರಡಕ್ಕ ರಕ್ತದ ಬಾಟ್ಲಿ ಸಲುವಾಗಿ ಬ್ಲಡ್ ಬ್ಯಾಂಕಿಗೆ ಫೋನ್ ಹೊಡಿಯೋದು. ಬಿಡುವು ಸಿಕ್ಕಾಗ ಕಾಟಿನ ಸರಳಿಗೆ ದಾರ ಕಟ್ಟಿ ಗಂಟು ಹಾಕೋದು, ಒಂದು ಕೈಲೆ, ಎರಡು ಕೈಲೆ, ಕಣ್ಣು ಮುಚ್ಚಿ. ಹಾಸ್ಟೆಲ್‌ನಾಗ ಕುರ್ಚಿ ಕೈಗೆಲ್ಲ ದಾರ ಜೋತಾಡ್ಲಾಕತ್ತಿದ್ರ ಅದು ಸರ್ಜರಿ ಪೀಜಿ ರೂಮು ಅಂತ ಹೊರಗಿನಿಂದಲೇ ಗೊತ್ತಾಗ್ತದ.

ಇದೇನು ಹೊಸಾದಲ್ಲ. ಸುಶ್ರುತ ಸಂಹಿತೆಯಾಗ ಇದಕ್ಕಂತಲೇ ಒಂದು ಅಧ್ಯಾಯ ಅದ: ಕೊಯ್ಯೋದನ್ನ ಸೋರೆ, ಕಲ್ಲಂಗಡಿ, ಸೌತೆ ಮ್ಯಾಗ ಕಲಿ, ನರ ಚುಚ್ಚೋದನ್ನ ಸತ್ತ ಪ್ರಾಣಿ ನರ, ತಾವರಿ ದಂಟಿನ ಮ್ಯಾಗ ಕಲಿ, ಹೊಲಿಗಿ ಹಾಕೋದನ್ನ ದಪ್ಪ ಅರಬಿ, ಮೆತ್ತನ ತೊಗಲಿನ ಮ್ಯಾಗ ಕಲಿ, ಪಟ್ಟಿ ಕಟ್ಟೋದನ್ನ ಮನಷ್ಯಾನ ಗೊಂಬಿಗೆ ಕಟ್ಟಿ ಕಲಿ. ಎಷ್ಟು ಶಾಸ್ತ್ರ ಓದಿದವನೇ ಆಗ್ಲಿ ಹಿಂಗ ಕೈ ಪಳಗಿಸಿಲ್ಲ ಅಂದ್ರ ಕೆಲಸಕ್ಕ ಅವ ಲಾಯಕ್ ಅಲ್ಲ ಅಂತ ಅಲ್ಲೇ ಬರ್ದದ. ಇವತ್ತು ಸೋರಿಕಾಯಿ ಜಾಗಾದಾಗ ಲ್ಯಾಪ್ರೋಸ್ಕೋಪಿ (ಸಣ್ಣ ತೂತಿನಾಗ ದೂರ್ಬೀನ್ ಹಾಕಿ ಮಾಡೋ ಆಪರೇಷನ್) ಟ್ರೈನರ್ ಬಾಕ್ಸ್ ಬಂದದ, ಅಷ್ಟೇ.

ನೀ ಹೊಲದ ಮನಿಯವ, ನಿನಗ ಹಿಂಗ ಹೇಳಿದ್ರ ತಿಳಿತದ. ತೊಗರಿ ಸಾಲಿನ ನಡುವ ಎಡಿ ಹೊಡಿಲಾಕ ಕಲಿಯೋ ಮುಂದ ಮೊದಲು ಎಷ್ಟು ಗಿಡ ಕುಯ್ದು ಹೋಗ್ತಾವ, ಆಮ್ಯಾಗ ಕುಡ ಎಲ್ಲಿ ಆಳ ಇಳಿಬೇಕು, ಎಲ್ಲಿ ಎತ್ತಿ ಹಿಡಿಬೇಕು ಅಂತ ಕೈಗೇ ತಿಳಿತದ. ಪಿತ್ತಕೋಶದ ಆಪರೇಷನ್‌ನಾಗೂ ಅದೇ. ಕ್ಯಾಲೊ ತ್ರಿಕೋಣ ಅಂತ ಒಂದು ಸಣ್ಣ ಜಾಗಾ, ಅಲ್ಲಿ ತೆಗಿಬೇಕಾದ ನಾಳ ಮತ್ತ ಮುಟ್ಟಲೇಬಾರದ ಮುಖ್ಯ ಪಿತ್ತನಾಳ ಎರಡೂ ಬಾಜೂಬಾಜೂ. ಉರಿ ಬಂದು ಬಾತಿದ್ರ ಎರಡೂ ಒಂದೇ ನಮೂನಿ ಕಾಣ್ತಾವ. ಫರಕ್ ಏನಂದ್ರ ಹೊಲದಾಗ ಗಿಡ ಕುಯ್ದ್ರ ಅಪ್ಪ ಬೈದು ಸುಮ್ಮನಾಗ್ತಾನ, ಇಲ್ಲಿ ಆ ಮುಖ್ಯ ನಾಳ ಕುಯ್ದ್ರ ರೋಗಿ ವರ್ಷಗಟ್ಟಲೆ ಒದ್ದಾಡ್ತಾನ, ಅದಕ್ಕೇ ಕಲಿಯೋ ಹುಡುಗನ ಕೈ ಬಾಜೂಕ ಸೀನಿಯರ್ ಕೈ ಇರ್ತದ.

ತಲಿ ಬೇಕಾಗೋದು ಇಲ್ಲೇ ನೋಡು. ಎರಡೂ ನಾಳ ಸ್ಪಷ್ಟ ಕಾಣೋ ತನಕ ಕತ್ತರಿ ಹಾಕಬಾರ್ದು, ಕಾಣಲೇ ಇಲ್ಲ ಅಂದ್ರ ದೂರ್ಬೀನ್ ಬಿಟ್ಟು ಹೊಟ್ಟಿ ತೆರಿಬೇಕು, ಇಲ್ಲ ಅಷ್ಟಕ್ಕೇ ನಿಲ್ಲಿಸಿ ಹೊರಗ ಬರ್ಬೇಕು. ಹೊಟ್ಟಿ ನೋವಿನ ಪೇಷಂಟ್ ಬಂದ್ರ ಇವತ್ತೇ ಕೊಯ್ಯಬೇಕಾ, ನಾಳಿ ಮುಂಜಾನಿ ತನಕ ನೋಡಬೇಕಾ, ಕೊಯ್ಯಲೇಬಾರ್ದಾ. ಈ ತಿಳುವಳಿಕಿ ಐಕ್ಯೂ ನಂಬರಿನಾಗ ಬರಂಗಿಲ್ಲ, ನೂರಾರು ಪೇಷಂಟ್ ನೋಡಿ, ಆಪರೇಷನ್ ಆದ ಮ್ಯಾಗೂ ಅವರ ಹಿಂದ ಬಿದ್ದು ಏನಾತು ಅಂತ ಕೇಳೋರಿಗೆ ಬರ್ತದ. ನಾ ನೋಡಿದ ಪೀಜಿಗಳಾಗ ಹಿಂದ ಬಿದ್ದೋರು ದಡ್ಡರಲ್ಲ. ಗೊತ್ತಿಲ್ಲ ಅಂತ ಹೇಳ್ಲಾಕ ನಾಚೋರು, ರಾತ್ರಿ ಸೀನಿಯರ್‌ಗೆ ಫೋನ್ ಮಾಡಿದ್ರ ಬೈತಾರಂತ ಮುಂಜಾನಿ ತನಕ ಕಾಯೋರು. ಅಂಥವರಾಗ ಗೋಲ್ಡ್ ಮೆಡಲ್ ತಗೊಂಡೋರೂ ಇದ್ರು.

ಆದ್ರ ನಿಮ್ಮ ಸರ್ ಹೇಳಿದಂಗ ಕಷ್ಟಪಟ್ರ ಎಲ್ಲರೂ ಒಂದೇ ಸಮ ಆಗ್ತಾರ ಅನ್ನೋದೂ ಪೂರಾ ಖರೆ ಅಲ್ಲ. ಅಮೆರಿಕದ ಮಿಶಿಗನ್‌ನಾಗ ಬೊಜ್ಜಿನ ಆಪರೇಷನ್ ಮಾಡೋ 20 ಸರ್ಜನ್‌ಗಳ ವಿಡಿಯೋ ತರಿಸಿ, ಯಾರ ವಿಡಿಯೋ ಅಂತ ಹೇಳದೇ ಬ್ಯಾರೆ ಸರ್ಜನ್‌ಗಳಿಂದ ಮಾರ್ಕ್ಸ್ ಹಾಕಿಸಿದ್ರು, 2013ರಾಗ ಅದು ಪ್ರಕಟ ಆತು. ಕೈಚಳಕದಾಗ ತಳಗಿನ ಕಾಲುಭಾಗ ಸರ್ಜನ್‌ಗಳ ಪೇಷಂಟ್‌ಗಳಾಗ ನೂರಕ್ಕ 14.5 ಮಂದಿಗೆ ತೊಡಕು, ಮ್ಯಾಲಿನ ಕಾಲುಭಾಗದೋರ ಪೇಷಂಟ್‌ಗಳಾಗ 5.2. ಎಲ್ಲರೂ ಟ್ರೈನಿಂಗ್ ಮುಗಿಸಿ ದಿನಾ ಆಪರೇಷನ್ ಮಾಡೋರೇ, ಆದ್ರೂ ಇಷ್ಟು ಫರಕ್. ಬರೇ ಮಾಡಿದ್ದೇ ಮಾಡಿದ್ರ ಕೈ ಸುಧಾರಿಸಂಗಿಲ್ಲ, ಯಾರಾದ್ರೂ ನೋಡಿ ತಪ್ಪು ತೋರಿಸಬೇಕು, ಅದನ್ನ ಸಿಟ್ಟಿಲ್ಲದ ಕೇಳ್ಕೋಬೇಕು.

ಇನ್ನ ನಿನ್ನ ಕೈ ನಡಗೋದು. ಎಲ್ಲರ ಕೈನೂ ನಡಗ್ತಾವ ತಮ್ಮಾ, ಕಣ್ಣಿಗೆ ಕಾಣದಷ್ಟು, ಸೆಕೆಂಡಿಗೆ 8ರಿಂದ 12 ಸಲ. ಯಾರಾದ್ರೂ ನೋಡ್ಲಾಕತ್ರ, ನಿದ್ದಿ ಕೆಟ್ರ, ಚಹಾ ಹೆಚ್ಚಾದ್ರ ಅದು ಕಾಣುವಷ್ಟು ಆಗ್ತದ. ಸರ್ಜನ್‌ಗಳು ಕೈ ಗಾಳ್ಯಾಗ ಹಿಡಿಯಂಗಿಲ್ಲ, ಮುಂಗೈಗೋ ಕಿರುಬೆರಳಿಗೋ ಒಂದು ಆನಿಕಿ ಕೊಟ್ಟಿರ್ತಾರ, ಅರ್ಧ ನಡುಕ ಅಲ್ಲೇ ಹೋಗ್ತದ. ಉಳಿದರ್ಧ ಎಲ್ಲರ ಮುಂದ ಮಾಡಿ ಮಾಡಿ ಹೋಗ್ತದ. ಸುಮ್ಮ ಕುಂತಾಗಲೂ ನಡಗಿದ್ರ, ಎದಿ ಡವಡವ ಅಂದ್ರ, ತೂಕ ಇಳೀಲಾಕತ್ತಿದ್ರ ಒಮ್ಮೆ ಥೈರಾಯ್ಡ್ ಟೆಸ್ಟ್ ಮಾಡಿಸು.

ಕನ್ನಡ ಮೀಡಿಯಂ ಅಂತ ಅಂಜಬ್ಯಾಡ. ನೀಟ್ ಕನ್ನಡದಾಗೂ ಬರಿಬಹುದು, ಎಂಬಿಬಿಎಸ್ ಮಾತ್ರ ಇಂಗ್ಲಿಷಿನಾಗ, ಮೊದಲ ವರ್ಷ ಅನಾಟಮಿ ಹೆಸರು ಬಾಯಿಗೆ ಹತ್ತೋ ತನಕ ತ್ರಾಸ ಆಗ್ತದ. ಇಂಗ್ಲಿಷ್ ಮೀಡಿಯಂ ಹುಡುಗ್ರಿಗೂ ಆ ಹೆಸರು ಹೊಸಾವೇ. ನಾ ಚಿಂತಿ ಮಾಡೋದು ಬ್ಯಾರೆದ್ದು: ಸರ್ಜನ್ ಆಗೋ ಹೊತ್ತಿಗೆ ನಿನಗ ಇಪ್ಪತ್ತೇಳು, ಎಂಸಿಎಚ್ ಮಾಡಿದ್ರ ಮೂವತ್ತು ದಾಟ್ತದ. ಇಂಟರ್ನ್‌ಶಿಪ್, ಪೀಜಿಯಾಗ ಸ್ಟೈಪೆಂಡ್ ಬರ್ತದ, ಅಲ್ಲಿ ತನಕ ಮನ್ಯಾಗಿನ ರೊಕ್ಕ. ಸರ್ಕಾರಿ ಸೀಟು ಸಿಗಲಿಲ್ಲಂತ ಹೊಲ ಮಾರಿ ಮ್ಯಾನೇಜ್‌ಮೆಂಟ್ ಸೀಟು ತಗೋಬ್ಯಾಡ, ಇನ್ನೊಂದು ವರ್ಷ ಬರಿ, ಅದೂ ಆಗಲಿಲ್ಲ ಅಂದ್ರ ಓಟಿ (ಆಪರೇಷನ್ ಥಿಯೇಟರ್) ಟೆಕ್ನಾಲಜಿ, ಬಿಎಸ್ಸಿ ನರ್ಸಿಂಗ್ ಅವ. ಅವರಿಲ್ಲದ ಥಿಯೇಟರ್‌ನಾಗ ನಮ್ಮ ಕೈ ಒಂದು ಕೆಲಸಕ್ಕೂ ಬರಂಗಿಲ್ಲ, ಇದನ್ನ ಸಮಾಧಾನಕ್ಕ ಹೇಳ್ಲಾಕತ್ತಿಲ್ಲ.

ಪ್ರಶ್ನೆ: ಶರಣ್ರಿ ಡಾಕ್ಟ್ರೇ. ಮಗಳು ಎಂಬಿಬಿಎಸ್ ಕೊನೇ ವರ್ಷ. ಸರ್ಜರಿನೇ ಮಾಡ್ತೀನಿ ಅಂತ ಹಠ. ಬೀಗರು-ನೆಂಟರು ಹೆಣ್ಣಮಕ್ಕಳಿಗೆ ಅದು ಆಗಂಗಿಲ್ಲ, ಹೆರಿಗಿ ಡಾಕ್ಟರ್ ಆಗ್ಲಿ ಅಂತಾರ. ಏನ್ ಮಾಡ್ಲಿ?
ತಂದೆ, ಹುಮನಾಬಾದ್

ಉತ್ತರ: ಶರಣು ಅಣ್ಣಾರೆ. ಮದ್ರಾಸಿನ ಡಾ. ಟಿ. ಎಸ್. ಕನಕ ಅನ್ನೋ ಹೆಣ್ಣಮಗಳು 1968ರಾಗೇ ನ್ಯೂರೋಸರ್ಜರಿ ಎಂಸಿಎಚ್ ಮುಗಿಸಿದ್ರು, ಆಗಲೇ ಆಗಿದ್ದು ಈಗ ಆಗಂಗಿಲ್ಲ ಅಂದ್ರ ಹ್ಯಾಂಗ್ರಿ. ಮತ್ತ ಹೆರಿಗಿ ಡಾಕ್ಟರ್ ಅಂದ್ರ ಆರಾಮ ಅಂತ ನಿಮ್ಮ ಬೀಗರಿಗೆ ಯಾರು ಹೇಳಿದ್ರೋ, ಸಿಸೇರಿಯನ್ ಏನು ಆಪರೇಷನ್ ಅಲ್ಲಾ? ಹೆರಿಗಿ ನೋವು ಹಗಲು ರಾತ್ರಿ ನೋಡಿ ಬರ್ತದಾ? ಖರೆ ಕಷ್ಟ ಇರೋದು ಎಂಎಸ್ ಮಾಡೋ ಮೂರು ವರ್ಷದಾಗ, ಅದೇ ಹೊತ್ತಿಗೆ ಮನ್ಯಾಗ ಲಗ್ನದ ಮಾತೂ ಸುರುವಾಗ್ತದ. ಆ ಮೂರು ವರ್ಷ ಆಕೀ ಕೈಗೆ ಬಿಡ್ರಿ, ಲಗ್ನ ಯಾವಾಗ ಅಂತ ಆಕೀನೇ ಹೇಳ್ಲಿ. ಕೂಸಿನ ಹೊತ್ನ್ಯಾಗ ರಜೆ ಸಿಗ್ತದ, ಅಷ್ಟು ದಿನ ಟ್ರೈನಿಂಗ್ ಮುಂದ ಹೋಗ್ತದ, ಮುಳುಗಿ ಏನೂ ಹೋಗಂಗಿಲ್ಲ.

ಪ್ರಶ್ನೆ: ನಾ ಎಡಚ. ಸರ್ಜರಿಗೆ ಅಡ್ಡಿ ಆಗ್ತದಾ ಸರ್?
ಸುರಪುರದಿಂದ ಒಬ್ಬ ಎಂಬಿಬಿಎಸ್ ವಿದ್ಯಾರ್ಥಿ

ಉತ್ತರ: ಸ್ವಲ್ಪ ಕಿರಿಕಿರಿ ಆಗ್ತದ, ಅಡ್ಡಿ ಅಲ್ಲ. ಕತ್ತರಿ, ನೀಡಲ್ ಹೋಲ್ಡರ್, ಆರ್ಟರಿ ಫೋರ್ಸೆಪ್ಸ್ ಇವೆಲ್ಲ ಬಲಗೈ ಹೆಬ್ಬಟ್ಟಿಗೆ ಲಾಕ್ ಆಗೋವಂಗ, ಬಿಚ್ಚೋವಂಗ ಮಾಡಿರ್ತಾರ, ಎಡಗೈಲೆ ಹಿಡಿದ್ರ ಬಿಚ್ಚೋ ಮುಂದ ಹೆಬ್ಬಟ್ಟು ಉಲ್ಟಾ ಒತ್ತಬೇಕು. ಎಡಗೈಯೋರಿಗೆ ಬ್ಯಾರೆ ಉಪಕರಣ ಸಿಗ್ತಾವ, ಆದ್ರ ಎಲ್ಲಾ ದವಾಖಾನ್ಯಾಗ ಇರಂಗಿಲ್ಲ, ಅದಕ್ಕ ಈಗಿನಿಂದಲೇ ಎರಡೂ ಕೈಲೆ ಗಂಟು ಹಾಕ್ಲಾಕ ಕಲಿ. ಪೋಸ್ಟಿಂಗ್‌ನಾಗ ಅಸಿಸ್ಟ್ ಮಾಡ್ಲಾಕ ನಿಂತಾಗ ಎಡಗೈಯವ ಅಂತ ಮೊದಲೇ ಸಿಸ್ಟರ್‌ಗೆ ಹೇಳು, ಆಕೀ ಕೈಗೆ ಉಪಕರಣ ಕೊಡೋ ದಿಕ್ಕು ಬದಲಾಗ್ತದ.