ಹಿಮಪರ್ವತದಲ್ಲಿ ಭೂಮಿ ನಡುಗಿದರೆ ಟೆಂಟ್ ಎಲ್ಲಿರಬೇಕು?

ತೀರ್ಥಹಳ್ಳಿಯಿಂದ ಏಪ್ರಿಲ್‌ನಲ್ಲಿ ನೇಪಾಳದ ಲಾಂಗ್‌ಟಾಂಗ್ ಕಣಿವೆಗೆ ಚಾರಣ ಹೊರಟಿದ್ದೀರಿ. ನಮ್ಮಲ್ಲಿ ಧರೆ ಕುಸಿಯೋದು ಮಳೆಗಾಲದಲ್ಲಿ, ಅಲ್ಲಿ ಬೇಸಿಗೆಯಲ್ಲಿ ಭೂಕಂಪವಾದರೆ ಏನು ಕುಸಿಯುತ್ತೆ, ಟೆಂಟ್ ಎಲ್ಲಿ ಹಾಕೋದು ಅಂತ ಕೇಳಿದ್ದೀರಿ.

ಮಳೆಯ ಲೆಕ್ಕವನ್ನು ಊರಲ್ಲೇ ಬಿಟ್ಟು ಹೋಗಿ. ನಮ್ಮ ಮಣ್ಣಿನ ಧರೆ ದಿನಗಟ್ಟಲೆ ನೀರು ಕುಡಿದು ಜರಿಯುತ್ತದೆ. ಎಷ್ಟೋ ಸಲ ಮೊದಲು ಬಿರುಕು ಬಿಡುತ್ತದೆ, ಮರ ವಾಲುತ್ತದೆ. ಅಲ್ಲಿ ಎತ್ತರದ ಬಂಡೆಗಳ ಸೀಳುಗಳನ್ನು ಹಿಡಿದಿಟ್ಟಿರುವುದೇ ಮಂಜುಗಡ್ಡೆ. ಸೊನ್ನೆ ಡಿಗ್ರಿ ಹತ್ತಿರವಾದಷ್ಟೂ ಅದರ ಹಿಡಿತ ಸಡಿಲ. ಸಾಲದ್ದಕ್ಕೆ, ನಡುಕ ಕಣಿವೆಗಿಂತ ಬೆಟ್ಟದ ನೆತ್ತಿಯಲ್ಲೇ ಜೋರು. ಹಾಗಾಗಿ ಬಂಡೆ, ಮಂಜುಗಡ್ಡೆ, ಹಿಮ ಮೂರೂ ಒಟ್ಟಿಗೆ ಬರುತ್ತವೆ, ಮುನ್ಸೂಚನೆ ಇಲ್ಲದೆ.

ನೀವು ಹೋಗುವ ಕಣಿವೆಯಲ್ಲೇ 2015ರ ಏಪ್ರಿಲ್ 25ರಂದು, 7.8 ತೀವ್ರತೆಯ ಕಂಪನದಲ್ಲಿ ಆದದ್ದು ಇದೇ. ಆ ಚಳಿಗಾಲ ಹಿಮ ವಿಪರೀತ ಬಿದ್ದಿತ್ತು. ಲಾಂಗ್‌ಟಾಂಗ್ ಹಳ್ಳಿ ಹೂತುಹೋಗಿ ಸುಮಾರು 350 ಜನ ಸತ್ತರು. ಕುಸಿತ ತಳ್ಳಿದ ಗಾಳಿಯ ಹೊಡೆತಕ್ಕೆ ಎದುರು ಇಳಿಜಾರಿನ ಮರಗಳೂ ಮಲಗಿದವು. ಹಳ್ಳಿಯಲ್ಲಿ ಉಳಿದದ್ದು ಚಾಚಿಕೊಂಡ ಬಂಡೆಯ ಅಡಿಯಲ್ಲಿದ್ದ ಒಂದು ಮನೆ. ಕಲ್ಲು ತಲುಪದ ಜಾಗಕ್ಕೂ ಗಾಳಿ ತಲುಪುತ್ತದೆ, ಇದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮೊಬೈಲಿನಲ್ಲಿ ಇಳಿಜಾರು ಅಳೆಯುವ ಆ್ಯಪ್ ಹಾಕಿಕೊಳ್ಳಿ. ಟೆಂಟಿನ ಜಾಗದಲ್ಲಿ ನಿಂತು, ಮೊಬೈಲಿನ ಅಂಚನ್ನು ಮೇಲೆ ನೇತಾಡುವ ಹಿಮನದಿಯ (ಕಡಿದಾದ ಇಳಿಜಾರಿಗೆ ಅಂಟಿಕೊಂಡ ಮಂಜುಗಡ್ಡೆ ರಾಶಿಯ) ತುದಿಗೆ ಗುರಿ ಹಿಡಿಯಿರಿ. ಕೋನ 17 ಡಿಗ್ರಿಗಿಂತ ಹೆಚ್ಚಿದ್ದರೆ, ಅಂದರೆ ಹತ್ತು ಅಡಿ ದೂರಕ್ಕೆ ಸುಮಾರು ಮೂರು ಅಡಿ ಎತ್ತರ ಮೀರಿದ್ದರೆ, ಮಾಮೂಲಿ ಹಿಮಕುಸಿತವೇ ನಿಮ್ಮನ್ನು ಮುಟ್ಟಬಲ್ಲದು. ಬಂಡೆ ಬೆರೆತ ದೊಡ್ಡ ಕುಸಿತ ಅದನ್ನೂ ದಾಟಿ ಹೋಗುತ್ತದೆ. ಇಕ್ಕಟ್ಟಾದ ಕಣಿವೆಯಲ್ಲಿ ಈ ಪರೀಕ್ಷೆ ಪಾಸಾಗುವ ಜಾಗ ಸಿಗುವುದೇ ಅಪರೂಪ, ನಿಜ. ಆಗ ನಾನಾದರೆ ಹೊಳೆದಂಡೆಯ ಚಂದದ ಬಯಲು ಬಿಟ್ಟು, ಬೀಸಣಿಗೆಯಂತೆ ಹರಡಿದ ಕಲ್ಲುರಾಶಿಯನ್ನೂ ಬಿಟ್ಟು, ಅಡ್ಡ ಚಾಚಿದ ಗುಡ್ಡದ ಮರೆಯಲ್ಲಿ, ನೀರಿನಿಂದ ಎತ್ತರದಲ್ಲಿ ಟೆಂಟ್ ಹಾಕುತ್ತೇನೆ. 1970ರ ಮೇ 31ರಂದು ಪೆರುವಿನ ಹುವಾಸ್ಕರಾನ್ ಶಿಖರ ಕುಸಿದು ಯುಂಗಾಯ್ ಪಟ್ಟಣ ಕೆಲವೇ ನಿಮಿಷಗಳಲ್ಲಿ ಮುಚ್ಚಿಹೋದಾಗ, ಸ್ಮಶಾನದ ದಿಬ್ಬಕ್ಕೆ ಓಡಿದವರು ಬದುಕಿದರು.

ನಡುಕ ನಿಂತ ಮೇಲೆ ಹೊಳೆಯ ಮೇಲೆ ಕಣ್ಣಿಡಿ. ಬೇಸಿಗೆಯಲ್ಲಿ ಮೇಲಿನವರು ಹಳ್ಳಕ್ಕೆ ಕಟ್ಟ ಹಾಕಿದರೆ ನಮ್ಮ ತೋಟದ ಹತ್ತಿರ ನೀರು ಸೊರಗುತ್ತದಲ್ಲ, ಹಾಗೆ ಹರಿವು ದಿಢೀರನೆ ಇಳಿದರೆ ಮೇಲೆಲ್ಲೋ ಕುಸಿತ ನದಿಗೆ ಅಡ್ಡ ಬಿದ್ದಿದೆ ಎಂದರ್ಥ. ಮೀನು ಹಿಡಿಯಲು ಇಳಿಯಬೇಡಿ, ಎತ್ತರಕ್ಕೆ ಹತ್ತಿ. ಇಂಥ ಒಡ್ಡುಗಳಲ್ಲಿ ಸುಮಾರು ಅರ್ಧದಷ್ಟು ಹತ್ತು ದಿನದೊಳಗೇ ಒಡೆಯುತ್ತವೆ, ಹೆಚ್ಚಾಗಿ ನೀರು ಮೇಲೆ ಉಕ್ಕಿ ಮಣ್ಣು ಕೊರೆದು. ತಜಕಿಸ್ತಾನದ ಪಾಮಿರ್‌ನಲ್ಲಿ 1911ರ ಭೂಕಂಪ ಕಟ್ಟಿದ ಉಸೊಯ್ ಒಡ್ಡು ಇಂದಿಗೂ ನಿಂತಿದೆ, ಆದರೆ ಅದು ಅಪವಾದ.

ಇಳಿದು ಬರಲು ಅವಸರ ಬೇಡ, ನಿಧಾನವೂ ಬೇಡ. 2015ರಲ್ಲೇ ಹದಿನೇಳು ದಿನದ ನಂತರ, ಮೇ 12ರಂದು 7.3ರ ಇನ್ನೊಂದು ಕಂಪನವಾಯಿತು. ಹೊಸದಾಗಿ ಜರಿದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಿ. ಒಬ್ಬರು ದಾಟುವಾಗ ಇನ್ನೊಬ್ಬರು ಮೇಲಕ್ಕೇ ನೋಡುತ್ತಿರಲಿ, ಫೋಟೋಕ್ಕೆಂದು ಯಾರೂ ನಡುವೆ ನಿಲ್ಲಬಾರದು.