ಮಕ್ಕಳ ಕಣ್ಣಿನ ಸರ್ಜನ್ ಆಗಬೇಕೆಂದರೆ

ಪ್ರಶ್ನೆ: ಮೇಡಂ, ನಾನು ಯಾದಗಿರಿಯಲ್ಲಿ ಪಿಯುಸಿ ಓದುತ್ತಿದ್ದೇನೆ. ನಾಲ್ಕು ವರ್ಷದ ತಮ್ಮನಿಗೆ ಮೆಳ್ಳೆಗಣ್ಣು. ಅದೃಷ್ಟ ಅಂತ ಮನೆಯವರು ಸುಮ್ನೆ ಇದ್ದಾರೆ. ನನಗೆ ಮಕ್ಕಳ ಕಣ್ಣಿನ ಸರ್ಜನ್ ಆಗುವ ಆಸೆ. ಎಷ್ಟು ವರ್ಷ ಓದಬೇಕು?

ಉತ್ತರ: ಮೊದಲು ತಮ್ಮನ ವಿಷಯ. ಇದು ಅದೃಷ್ಟ ಅಲ್ಲ. ಓರೆಯಾದ ಕಣ್ಣು ಕಳಿಸುವ ಚಿತ್ರವನ್ನು ಮಿದುಳು ಬಿಟ್ಟುಬಿಡುತ್ತದೆ, ಹಾಗೇ ವರ್ಷಗಳು ಕಳೆದರೆ ಆ ಕಣ್ಣು ಸರಿಯಾಗಿ ನೋಡುವುದನ್ನೇ ಕಲಿಯುವುದಿಲ್ಲ, ಏಳೆಂಟು ವರ್ಷ ದಾಟಿದ ಮೇಲೆ ಕಲಿಸುವುದು ತುಂಬಾ ಕಷ್ಟ. ಕೆಲವು ಮಕ್ಕಳಿಗೆ ಕನ್ನಡಕವೇ ಸಾಕು. ಕೆಲವರಿಗೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಒಂದಿಷ್ಟು ಗಂಟೆ ಪಟ್ಟಿ, ಕೆಲವರಿಗೆ ಆಪರೇಷನ್. ದಯವಿಟ್ಟು ಈ ವಾರವೇ ತೋರಿಸಿ, ಕಲಬುರಗಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಜಿಮ್ಸ್‌ಗೆ ಹೋದರೂ ಸರಿ.

ಇನ್ನು ಓದು. ನೀಟ್ ಬರೆದು ಎಂಬಿಬಿಎಸ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಕಣ್ಣಿನ ಎಂಎಸ್ (ಸ್ನಾತಕೋತ್ತರ ಪದವಿ) 3 ವರ್ಷ. ಆಮೇಲೆ ಮಕ್ಕಳ ಕಣ್ಣಿನ ಫೆಲೋಶಿಪ್, ಅಂದರೆ ವಿಶೇಷ ತರಬೇತಿ, ಒಂದೆರಡು ವರ್ಷ. ಕಲ್ಯಾಣ ಕರ್ನಾಟಕದವರಿಗೆ ಸೀಟಿನಲ್ಲಿ ಮೀಸಲಾತಿ ಕೊಡುವ 371(ಜೆ) ಸರ್ಟಿಫಿಕೇಟ್ ಈಗಲೇ ಮಾಡಿಸಿಕೋ.

ಈ ಕೆಲಸದಲ್ಲಿ ದಿನಗಳ ಲೆಕ್ಕ ಬಹಳ ಮುಖ್ಯ. ಹುಟ್ಟುವಾಗಲೇ ದಟ್ಟ ಪೊರೆ ಇದ್ದರೆ ಮೊದಲ ಎರಡು ತಿಂಗಳಲ್ಲೇ ಆಪರೇಷನ್ ಆಗಬೇಕು. 34 ವಾರಕ್ಕೂ ಮೊದಲೇ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಮಗುವಿನ ರೆಟಿನಾವನ್ನು (ಕಣ್ಣಿನ ಒಳಗಿನ ಹಿಂಬದಿಯ ಪರದೆ) ಹುಟ್ಟಿದ 30 ದಿನದೊಳಗೆ ನೋಡಬೇಕು. ನಮ್ಮ ಭಾಗಕ್ಕೆ ಇಂಥ ಡಾಕ್ಟರ್ ಜಾಸ್ತಿ ಬೇಕು, ಖಂಡಿತ ಓದು.